ಮಗಳು ಡ್ರಮ್ ಕೋರ್‌ಗೆ ಸೇರ್ತೀನಿ ಅಂದಾಗ ಏನೇನು ನೋಡಬೇಕು

ಡ್ರಮ್ ಕೋರ್ (corps) ಅಂದರೆ ಊದುವ ವಾದ್ಯ, ಡ್ರಮ್, ಬಾವುಟ ಹಿಡಿದು ಮೈದಾನದಲ್ಲಿ ನಡೆಯುತ್ತಾ ಶೋ ಕೊಡುವ ಹುಡುಗ ಹುಡುಗಿಯರ ತಂಡ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ‘ಕೋರ್’ ಅನ್ನಬೇಕು. ಸ್ಪೆಲಿಂಗ್ ನೋಡಿಕೊಂಡು ನಾನು ಒಂದು ವರ್ಷ ‘ಕಾರ್ಪ್ಸ್’ ಅಂತ ಹೇಳಿಕೊಂಡು ಓಡಾಡಿದೆ. ಫ್ರೆಂಡ್ಸ್ ಮುಂದೆ ಮಗಳು ನನ್ನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದಳು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇಲ್ಲಿ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡ್ ಅಂದರೆ ಒಂದು ಹುಚ್ಚು. ನಮ್ಮ ಕನ್ನಡದ ಮನೆಗಳ ಮಕ್ಕಳೂ ಅದರಲ್ಲಿ ಇದ್ದಾರೆ. ಅವರಲ್ಲಿ ಒಬ್ಬಿಬ್ಬರಿಗೆ ಡಿಸಿಐ, ಅಂದರೆ ಈ ಕೋರ್‌ಗಳ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅದರ ಗೀಳು ಹತ್ತಿಬಿಡುತ್ತದೆ. ಬೇಸಿಗೆಯೆಲ್ಲ ಬಸ್ಸಲ್ಲಿ ಊರೂರು ಸುತ್ತಿ, ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ಮಲಗಿ, ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಾಸ್ ಆಯಿಲ್ ಸ್ಟೇಡಿಯಂನಲ್ಲಿ ಫೈನಲ್ಸ್‌ಗೆ ನಿಲ್ಲುವ ತಂಡಗಳು ಇವು. ದೊಡ್ಡ ಕೋರ್ ಆದರೆ 150 ದಾಟಿದ ಮಕ್ಕಳು, ವಯಸ್ಸು 21ರವರೆಗೆ.

ಪರಿಚಯದ ಮನೆಯವರು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: “ಅಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇರ್ತಾರೆ ಕಣೆ?” ಪ್ರಶ್ನೆ ಸರಿಯೇ. ಆದರೆ ಒಟ್ಟು ಲೆಕ್ಕ ಕೇಳಿದರೆ ಮೋಸ ಹೋಗುತ್ತೀರಿ. ಪೂರ್ತಿ ಕೋರ್ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಹತ್ತಿರ ಹೋಗಿ ನೋಡಿದರೆ ಬಾವುಟ ಹಿಡಿದವರಲ್ಲಿ ಹುಡುಗಿಯರೇ ಜಾಸ್ತಿ, ಸ್ನೇರ್ ಡ್ರಮ್ ಸಾಲಿನಲ್ಲಿ ಒಬ್ಬಳೇ ಒಬ್ಬಳು, ಎಷ್ಟೋ ಸಲ ಅವಳೂ ಇಲ್ಲ.

ಹಾಗಾಗಿ ಸಾಲು ಸಾಲಾಗಿ ಎಣಿಸಿ. ಕಾಗದದಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಬ್ರಾಸ್ (ಟ್ರಂಪೆಟ್, ಟ್ಯೂಬಾ ಥರದ ಊದುವ ಹಿತ್ತಾಳೆ ವಾದ್ಯಗಳು), ಬ್ಯಾಟರಿ (ನಡೆಯುತ್ತಾ ಬಾರಿಸುವ ಡ್ರಮ್‌ಗಳು), ಫ್ರಂಟ್ ಎನ್‌ಸೆಂಬಲ್ (ಮುಂದೆ ನಿಂತು ಮರಿಂಬಾ, ವೈಬ್ರಾಫೋನ್ ನುಡಿಸುವವರು), ಕಲರ್ ಗಾರ್ಡ್ (ಬಾವುಟ ತಿರುಗಿಸುವವರು). ವೀಡಿಯೊ ನೋಡಿ ಎಣಿಸಬಹುದು, ಆದರೆ ಹೆಲ್ಮೆಟ್ಟು, ಯೂನಿಫಾರ್ಮಿನಲ್ಲಿ ಯಾರು ಯಾರೋ ತಿಳಿಯುವುದಿಲ್ಲ. ಜುಲೈನಲ್ಲಿ ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ಗೆ ಬರುತ್ತಾರಲ್ಲ, ಆವತ್ತು ಬೇಗ ಹೋಗಿ. ಶೋಗೆ ಮುಂಚೆ ಹೊರಗೆ ಪಾರ್ಕಿಂಗ್ ಲಾಟ್‌ಗಳಲ್ಲಿ ವಾರ್ಮ್ ಅಪ್ ಮಾಡುತ್ತಾರೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಬಹುದು. ನಾನು ನನ್ನ ಪಟ್ಟಿ ಮಾಡಿದ್ದು ಅಲ್ಲೇ, ಕಾದ ಟಾರಿನ ಮೇಲೆ, ತಲೆ ಮೇಲೆ ದುಪಟ್ಟಾ ಹಾಕಿಕೊಂಡು.

ಯಾಕೆ ಹೀಗೆ ಅಂತ ಗೊತ್ತಿದ್ದರೆ ಮುಂದಿನ ದಾರಿ ಸುಲಭ. ಹಳೆಯ ಕೋರ್‌ಗಳಲ್ಲಿ ಎಷ್ಟೋ ಬಾಯ್ ಸ್ಕೌಟ್ ತುಕಡಿಗಳಿಂದ, ಮಾಜಿ ಸೈನಿಕರ ಸಂಘಗಳ ನೆರವಿನಿಂದ ಹುಟ್ಟಿದವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಡಿಸಿಐನ ಮೊದಲ ಚಾಂಪಿಯನ್‌ಶಿಪ್ ನಡೆದಾಗಲೂ ಬರೀ ಹುಡುಗರ ಕೋರ್‌ಗಳು ಬೇಕಾದಷ್ಟಿದ್ದವು. ಬರೀ ಹುಡುಗಿಯರ ಕೋರ್‌ಗಳೂ ಇದ್ದವು, ನ್ಯೂಯಾರ್ಕ್ ಕಡೆಯ ಸೇಂಟ್ ಇಗ್ನೇಷಿಯಸ್ ಥರದವು. ಅವು ಮುಚ್ಚಿಹೋದವು, ಹುಡುಗರದ್ದು ಕೆಲವು ಉಳಿದವು. 1938ರಲ್ಲಿ ಹುಟ್ಟಿದ, ಹುಡುಗರದ್ದೇ ಆಗಿದ್ದ ಮ್ಯಾಡಿಸನ್ ಸ್ಕೌಟ್ಸ್ ಕೋರ್ ಎಲ್ಲರಿಗೂ ಬಾಗಿಲು ತೆಗೆಯುತ್ತೇವೆ ಅಂತ ಹೇಳಿದ್ದು 2019ರಲ್ಲಿ! ಶಿಕಾಗೋದ ಕ್ಯಾವಲಿಯರ್ಸ್ ಆಮೇಲೂ ಗಂಡುಹುಡುಗರ ಕೋರ್ ಆಗಿಯೇ ಮುಂದುವರಿಯಿತು. ತಮಾಷೆ ಏನು ಗೊತ್ತಾ? ಬಾವುಟ ತಿರುಗಿಸುವುದು ಹುಡುಗಿಯರ ಕೆಲಸ ಅನ್ನುವವರಿಗೆ ಈ ಎರಡು ಕೋರ್‌ಗಳ ಗಾರ್ಡ್ ತೋರಿಸಬೇಕು. ಹುಡುಗರೇ ತಿರುಗಿಸುತ್ತಿದ್ದರು, ಅದಕ್ಕೇ ಹೆಸರು ಮಾಡಿದ್ದರು.

ಆದರೆ ನಿಮ್ಮ ಮಗಳ ದಾರಿಗೆ ನಿಜವಾಗಿ ಅಡ್ಡ ಬರುವುದು ಈ ಇತಿಹಾಸ ಅಲ್ಲ, ಆರನೇ ಕ್ಲಾಸಿನ ಒಂದು ಮಧ್ಯಾಹ್ನ. ಇಲ್ಲಿ ವಾದ್ಯ ಆರಿಸುವುದು ಆಗಲೇ. ನಮ್ಮವಳ ಶಾಲೆಯಲ್ಲಿ ಅವಳ ಬೆರಳು ನೋಡಿ, ನಕ್ಕು, ಕೈಗೆ ಫ್ಲೂಟ್ ಕೊಟ್ಟರು. ನಾನೂ ‘ಕೃಷ್ಣನ ಕೊಳಲು’ ಅಂತ ಖುಷಿಪಟ್ಟೆ. ಹುಡುಗಿಯರಿಗೆ ಫ್ಲೂಟ್, ಕ್ಲಾರಿನೆಟ್, ಹುಡುಗರಿಗೆ ಟ್ರಂಪೆಟ್, ಟ್ಯೂಬಾ, ಡ್ರಮ್. ಡ್ರಮ್ ಕೋರ್‌ನಲ್ಲಿ ಫ್ಲೂಟೂ ಇಲ್ಲ, ಕ್ಲಾರಿನೆಟ್ಟೂ ಇಲ್ಲ. ಬರೀ ಬ್ರಾಸ್, ತಾಳವಾದ್ಯ, ಗಾರ್ಡ್. ಹನ್ನೊಂದು ವರ್ಷಕ್ಕೇ ಅರ್ಧ ಬಾಗಿಲು ಮುಚ್ಚಿತು ಅಲ್ವಾ?

ಮಗಳು ಇನ್ನೂ ಐದನೇ ಕ್ಲಾಸಾ? ಹಾಗಾದರೆ ವಾದ್ಯ ಆರಿಸುವ ದಿನ ಜೊತೆಗೆ ಹೋಗಿ, ಬ್ರಾಸ್ ಅಥವಾ ಪರ್ಕಷನ್ ಕೇಳಿ, ಸುಮ್ನೆ ತಲೆಯಾಡಿಸಿ ಬರಬೇಡಿ. ಆಗಲೇ ಫ್ಲೂಟ್ ಹಿಡಿದಿದ್ದರೆ ಬದಲಾಯಿಸಬಹುದು. ನಮ್ಮವಳು ಒಂಬತ್ತನೇ ಕ್ಲಾಸಿನಲ್ಲಿ ಬ್ಯಾರಿಟೋನ್ ಅನ್ನುವ ಬ್ರಾಸ್ ವಾದ್ಯಕ್ಕೆ ಹೋದಳು. ಸ್ವರ ಓದುವುದು ಗೊತ್ತಿರುತ್ತದೆ, ಕಲಿಯಬೇಕಾದ್ದು ತುಟಿಯ ಕೆಲಸ. ಮೌತ್‌ಪೀಸ್ ಒಂದನ್ನೇ ಹಿಡಿದುಕೊಂಡು ದಿನಾ ಕಾರಲ್ಲಿ ಹತ್ತು ನಿಮಿಷ ಗುಂಯ್ ಅನ್ನಿಸುತ್ತಿದ್ದಳು. ಮೊದಲ ತಿಂಗಳು ಬಾಣಂತಿ ಎಮ್ಮೆ ಕೂಗಿದ ಹಾಗಿತ್ತು, ನಮ್ಮವರು ಗ್ಯಾರೇಜಿಗೆ ಕಳಿಸಿದರು. ಪಿಯಾನೋ ಕಲಿತ ಮಕ್ಕಳಿಗೆ ಫ್ರಂಟ್ ಎನ್‌ಸೆಂಬಲ್ ಒಳ್ಳೆಯ ದಾರಿ. ಮೃದಂಗ ಕಲಿತಿದ್ದರೆ ಲೆಕ್ಕ ಕೈಯಲ್ಲಿರುತ್ತದೆ, ಆದರೆ ಕೋಲು ಹಿಡಿಯುವುದನ್ನು ಸೊನ್ನೆಯಿಂದ ಕಲಿಯಬೇಕು. ಭರತನಾಟ್ಯದ ಮಕ್ಕಳನ್ನು ಎಲ್ಲರೂ ಗಾರ್ಡ್ ಕಡೆಗೆ ತಳ್ಳುತ್ತಾರೆ. ಅವಳಿಗೆ ಇಷ್ಟ ಇದ್ದರೆ ಹೋಗಲಿ, ಅದು ಯಾವುದಕ್ಕೂ ಕಡಿಮೆ ಅಲ್ಲ. ‘ಹುಡುಗಿ ಅಲ್ವಾ’ ಅನ್ನುವ ಕಾರಣಕ್ಕೆ ಬೇಡ.

“ಭಾರ ಹೊರೋಕಾಗುತ್ತಾ?” ಅಂತ ಅತ್ತೆ ಕೇಳಿದ್ದರು. ಕಾಂಟ್ರಾ, ಅಂದರೆ ಹೆಗಲ ಮೇಲೆ ಹೊರುವ ಟ್ಯೂಬಾ, ಹತ್ತು ಕಿಲೋ ಮೇಲೆಯೇ ಇರುತ್ತದೆ. ಬಿಸಿಲಲ್ಲಿ ದಿನವಿಡೀ ಅದನ್ನು ಹೊತ್ತು ನಡೆಯುವುದು ಹುಡುಗರಿಗೂ ಕಷ್ಟವೇ. ಮೂರು ತಿಂಗಳು ಮುಂಚೆ ಬೆನ್ನು, ಹೆಗಲಿಗೆ ವ್ಯಾಯಾಮ ಶುರುಮಾಡಿಸಿ. ಅತ್ತೆ ಎರಡು ಕೊಡ ನೀರು ಸೊಂಟಕ್ಕೊಂದು ತಲೆಗೊಂದು ಇಟ್ಟುಕೊಂಡು ಬರುತ್ತಿದ್ದವರು, ಅವರಿಗೆ ಅದನ್ನೇ ನೆನಪಿಸಿದೆ. ಸುಮ್ಮನಾದರು.

ಆಡಿಷನ್ ಕ್ಯಾಂಪ್‌ಗಳು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ನಲ್ಲಿ. ವೀಡಿಯೊ ಕಳಿಸಲೂ ಬಿಡುವ ಕೋರ್‌ಗಳಿವೆ. ತಡವಾಗಿ ವಾದ್ಯ ಬದಲಿಸಿದವರು ಮೊದಲು ಡಿಸಿಐನ ಕೆಳಗಿನ ವಿಭಾಗವಾದ ಓಪನ್ ಕ್ಲಾಸ್‌ನ ಕೋರ್‌ಗಳನ್ನು ನೋಡಿ, ತಂಡ ಚಿಕ್ಕದು, ಕಲಿಯಲು ಜಾಗ ಜಾಸ್ತಿ. ಫೀಸು ಕೆಲವು ಸಾವಿರ ಡಾಲರ್, ಮೊದಲೇ ಕೇಳಿ.

ಕ್ಯಾಂಪಿಗೆ ಬಿಡಲು ಹೋದಾಗ ನಾಚಿಕೆ ಬಿಟ್ಟು ಕೇಳಿ. ಹುಡುಗಿಯರು ಮಲಗುವ ಜಾಗ ಬೇರೆಯಾ? ಅವಳ ಸೆಕ್ಷನ್ನಿಗೆ ಕಲಿಸುವವರಲ್ಲಿ ಹೆಂಗಸರು ಇದ್ದಾರಾ? ಏನಾದರೂ ಆದರೆ ಅವಳು ಯಾರ ಹತ್ತಿರ ಹೇಳಬೇಕು, ಆ ವ್ಯಕ್ತಿ ಡೈರೆಕ್ಟರ್ ಕೈಕೆಳಗಿನವರಾ? ಕೊನೆಯದು ಬಹಳ ಮುಖ್ಯ. 2018ರಲ್ಲಿ ಒಂದು ದೊಡ್ಡ ಕೋರ್‌ನ ಮುಖ್ಯಸ್ಥರ ಮೇಲೆ ಹಲವು ಹೆಂಗಸರು ಲೈಂಗಿಕ ಕಿರುಕುಳದ ದೂರು ಹೇಳಿ, ಅವರು ರಾಜೀನಾಮೆ ಕೊಡಬೇಕಾಯಿತು. ಉತ್ತರ ಕೊಡಲು ತಡವರಿಸುವ ಕೋರ್ ಬೇಡ, ಎಷ್ಟೇ ಮೆಡಲ್ ಇರಲಿ.

ಅವಳ ಸಾಲಿನಲ್ಲಿ ಅವಳೊಬ್ಬಳೇ ಹುಡುಗಿ ಆಗಿದ್ದರೆ, ಹಿಂದೆ ಅದೇ ಸಾಲಿನಲ್ಲಿದ್ದ ಹುಡುಗಿಯ ಜೊತೆ ಮಾತಾಡಿಸಿ ಅಂತ ಕೋರ್‌ನವರನ್ನೇ ಕೇಳಿ. ನಮಗೆ ಹಾಗೆ ಒಬ್ಬಳು ಸಿಕ್ಕಳು. ಅರ್ಧ ಗಂಟೆ ಮಾತಾಡಿದಳು, ಬಸ್ಸಲ್ಲಿ ಎಲ್ಲಿ ಕೂರಬೇಕು, ಪೀರಿಯಡ್ಸ್ ದಿನ ಯಾರಿಗೆ ಹೇಳಬೇಕು, ಎಲ್ಲ. ಮತ್ತೆ ಹದಿನೈದು ಜೊತೆ ಸಾಕ್ಸ್ ಕೊಟ್ಟು ಕಳಿಸಿ ಆಂಟಿ ಅಂದಳು. ನಾನು ಎಂಟು ಕೊಟ್ಟಿದ್ದೆ, ಎರಡನೇ ವಾರಕ್ಕೇ ಫೋನ್ ಬಂತು.