ಕಬಡ್ಡಿ ಮಕ್ಕಳಿಗೆ ತಮ್ಮ ಆಟ ತಾವೇ ತಿದ್ಕೊಳ್ಳೋದು ಕಲ್ಸೋದು ಹೇಗೆ

ನಮ್ಮ ಶಿವಮೊಗ್ಗ ಕಡೆ ಹೋಬಳಿ, ತಾಲ್ಲೂಕು ಮಟ್ಟದ ಮ್ಯಾಚ್ ಮುಗಿದ ಕೂಡ್ಲೆ ನೋಡಿ, ಸೋತ ಟೀಮಿನ ಮಕ್ಕಳನ್ನ ಸುತ್ತ ನಿಲ್ಸ್ಕೊಂಡು ಕೋಚ್ ಒಂದೇ ಉಸ್ರಲ್ಲಿ ತಪ್ಪೆಲ್ಲಾ ಹೇಳ್ತಾ ಇರ್ತಾರೆ, ಮಕ್ಕಳು ತಲೆ ತಗ್ಗಿಸ್ಕೊಂಡು ಹೂಂ ಸರ್ ಹೂಂ ಸರ್ ಅಂತಿರ್ತಾರೆ. ಕೋಚ್ ಹೇಳಿದ್ದೆಲ್ಲಾ ಸರಿನೇ ಇರುತ್ತೆ, ಆದ್ರೆ ಹುಡುಗ ಅದನ್ನ ತಾನಾಗಿ ಕಂಡುಕೊಂಡಿಲ್ವಲ್ಲ, ಮುಂದಿನ ಮ್ಯಾಚಲ್ಲಿ ಮತ್ತೆ ಅದೇ ಮಾಡ್ತಾನೆ.

ಹಾಗಾಗಿ ಮೊದ್ಲು ನೀವು ಸುಮ್ನಿರಿ. ನೀರು ಕುಡೀಲಿ, ಉಸಿರು ಹತೋಟಿಗೆ ಬರ್ಲಿ, ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರ್ದು ಕೇಳಿ. "ಎಂತಕ್ಕೆ ಹಂಗೆ ಮಾಡ್ದೆ" ಅಂತ ಮಾತ್ರ ಕೇಳ್ಬೇಡಿ, ಅದು ಬೈಗುಳ ಥರ ಕೇಳ್ಸುತ್ತೆ, ಹುಡುಗ ನೆಪ ಹುಡುಕ್ತಾನೆ. "ಎಂತ ಆಯ್ತು ಹೇಳು ಮಾರಾಯ, ಆವಾಗ ನಿನ್ ಕಣ್ಣು ಎಲ್ಲಿತ್ತು?" ಅಂತ ಕೇಳಿ ನೋಡಿ.

ಬೋನಸ್‌ಗೆ, ಅಂದ್ರೆ ಎದುರು ಟೀಮಿನ ಕಡೆ ಇರೋ ಬೋನಸ್ ಗೆರೆ ದಾಟಿದ್ರೆ ಸಿಗೋ ಪಾಯಿಂಟ್‌ಗೆ ಹೋಗಿ, ಕಾರ್ನರ್ (ತುದೀಲಿ ನಿಂತು ಹಿಡಿಯೋ ಆಟಗಾರ) ಕೈಲಿ ಆಂಕಲ್ ಹೋಲ್ಡ್‌ಗೆ (ಪಾದದ ಮೇಲಿನ ಗಂಟು ಹಿಡಿಯೋದು) ಸಿಕ್ಕೋ ರೈಡರ್‌ನೇ (ದಾಳಿಗೆ ಹೋದವನು) ತಗೊಳ್ಳಿ. ಬೋನಸ್ ಸಿಗ್ಬೇಕಂದ್ರೆ ಎದುರು ಆರು ಜನಾದ್ರೂ ಇರ್ಬೇಕು, ಮುಂದಿನ ಕಾಲು ಗೆರೆ ದಾಟಿ ನೆಲ ಮುಟ್ಟಿರೋವಾಗ ಹಿಂದಿನ ಕಾಲು ಗಾಳೀಲಿರ್ಬೇಕು, ಅಂದ್ರೆ ಆ ಒಂದು ಕ್ಷಣ ಅವ್ನು ಒಂಟಿ ಕಾಲಲ್ಲಿ ನಿಂತಿರ್ತಾನೆ, ಕಾರ್ನರ್ ಕಾಯ್ತಿರೋದೂ ಅದಕ್ಕೇನೇ. "ಗೆರೆ ನೋಡ್ತಿದ್ದೆ ಸರ್, ಕಾರ್ನರ್ ಹತ್ರ ಬಂದಿದ್ದು ಕಾಣ್ಲಿಲ್ಲ" ಅಂತ ಅವ್ನ ಬಾಯಲ್ಲೇ ಬಂತು ಅಂದ್ರೆ ಅರ್ಧ ಕೆಲ್ಸ ಆದಂಗೆ. ಉಳಿದರ್ಧಕ್ಕೂ ಅವ್ನನ್ನೇ ಕೇಳಿ, ನಾಳೆ ಪ್ರಾಕ್ಟೀಸಲ್ಲಿ ಎಂತ ಬದಲಾಯಿಸ್ತೀಯ? ಒಂದೇ ಒಂದು ಹೇಳ್ಲಿ, ಅದನ್ನೇ ಮಾಡ್ಸಿ. ಅವ್ನು ಹೇಳಿದ್ದು ನಿಮ್ಗೆ ಸರಿ ಅನ್ಸ್ದಿದ್ರೂ ಒಂದೆರಡು ಸಲ ಮಾಡಿ ನೋಡೋಕೆ ಬಿಡಿ, ಪೆಟ್ಟಾಗೋ ಅಂಥದ್ದಾದ್ರೆ ಮಾತ್ರ ತಡೀರಿ.

ಒಂದು ನೋಟ್‌ಬುಕ್ ಇಡ್ಸಿ. ಚೆನ್ನಾಗಿ ಆಗಿದ್ದೆಂತ, ಕೆಟ್ಟಿದ್ದೆಂತ, ನಾಳೆ ನೋಡ್ಕೊಳ್ಳೋದೆಂತ, ಇಷ್ಟೇ ಸಾಕು. ಚೆನ್ನಾಗಿ ಆಗಿದ್ದು ಮೊದ್ಲು ಬರೀಬೇಕು, ಇದ್ರಲ್ಲಿ ರಿಯಾಯ್ತಿ ಕೊಡ್ಬೇಡಿ, ಯಾಕಂದ್ರೆ ಸೋತ ಮಕ್ಕಳಿಗೆ ತಾವು ಮಾಡಿದ ಒಳ್ಳೆ ಟ್ಯಾಕಲ್ ಕೂಡ ಮರ್ತೋಗಿರುತ್ತೆ. ಆ ಬುಕ್ಕನ್ನ ಎಲ್ಲರ ಮುಂದೆ ದಯವಿಟ್ಟು ಓದ್ಬೇಡಿ. ಒಂದು ಸಲ ಓದಿದ್ರೆ ಮುಗೀತು, ಆಮೇಲೆ ಯಾವ ಮಗುನೂ ನಿಜ ಬರೆಯಲ್ಲ.

ಜುಲೈ ಮಳೇಲಿ ನಮ್ಮ ಗ್ರೌಂಡೆಲ್ಲಾ ಕೆಸರಾಗಿರುತ್ತಲ್ಲ, ಆ ದಿನಗಳನ್ನ ಸುಮ್ನೆ ಬಿಡ್ಬೇಡಿ, ಶಾಲೆ ಜಗಲೀಲಿ ಕೂತು ಮೊಬೈಲಲ್ಲಿ ತೆಗ್ದ ಹಳೇ ಮ್ಯಾಚ್ ಹಾಕಿ. ಒಂದು ರೈಡ್ ಅಂದ್ರೆ 30 ಸೆಕೆಂಡ್ ಅಷ್ಟೇ, ಸೌಂಡ್ ತೆಗ್ದು ಎರಡ್ಮೂರು ಸಲ ತೋರ್ಸಿ, ಮೊದ್ಲು ಆಡಿದವನೇ ಮಾತಾಡ್ಲಿ, ಆಮೇಲೆ ಗೆಳೆಯರು, ಕೊನೇಗೆ ನೀವು. ವಿಡಿಯೋ ನೋಡಿ ನಗೋದನ್ನ ಮೊದಲ ದಿನವೇ ನಿಲ್ಸಿ.

ಕೆಲವ್ರಿಗೆ ಬರೆಯೋದು ಅಂದ್ರೆ ಆಗಲ್ಲ, ಅವ್ರನ್ನ ಒತ್ತಾಯ ಮಾಡ್ಬೇಡಿ. ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳ್ಸ್ಲಿ. ಹೊಸನಗರ, ತೀರ್ಥಹಳ್ಳಿ ಕಡೆ ಒಳಗಿನ ಊರಿನ ಮಕ್ಕಳಿಗೆ ನೆಟ್‌ವರ್ಕೂ ಸರಿ ಸಿಗಲ್ಲ, ಅಂಥವ್ರ ಜೊತೆ ಬಸ್ ಸ್ಟಾಪ್ ತನಕ ನಡ್ಕೊಂಡು ಹೋಗ್ತಾ ಕೇಳಿ, ಅವ್ರು ಹೇಳಿದ್ದನ್ನ ಅವ್ರ ಮಾತಲ್ಲೇ ನೀವು ಬರ್ದಿಟ್ಕೊಂಡು ಮುಂದಿನ ಪ್ರಾಕ್ಟೀಸ್ ಶುರು ಆಗೋ ಮೊದ್ಲು ಅವ್ರಿಗೇ ಓದಿ ಹೇಳಿ.