ಒಂಟಾರಿಯೋದಲ್ಲಿ ಪಿ.ಎಂಜ್. ಬೇಕಾ? ‘ನಾವು’ ಬಿಟ್ಟು ‘ನಾನು’ ಅಂತ ಬರೆಯಿರಿ

ಇಲ್ಲಿ, ಕೆನಡಾದ ಒಂಟಾರಿಯೋದಲ್ಲಿ, ಪ್ರತಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಿ.ಎಂಜ್., ಅಂದರೆ ಎಂಜಿನಿಯರ್ ಲೈಸೆನ್ಸ್, ಬೇಕು ಅನ್ನುವ ಹೊಸಬರು ಒಬ್ಬರಾದರೂ ಸಿಗುತ್ತಾರೆ. "ಹನ್ನೆರಡು ವರ್ಷ ಅನುಭವ ಇದೆ ಸಾರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಎಲ್ಲ ಇಟ್ಕೊಂಡಿದ್ದೀನಿ" ಅಂತಾರೆ. ಆ ಲೆಟರ್ ನೆಚ್ಚಿಕೊಂಡೇ ನಾನೂ ಹತ್ತು ತಿಂಗಳು ಕಳೆದುಕೊಂಡೆ.

ಮಾರ್ಕ್ಸ್ ಕಾರ್ಡ್ ಕಳಿಸುವ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಅನುಭವದ ವಿಷಯಕ್ಕೆ ಬರೋಣ. ಈ ಲೈಸೆನ್ಸ್ ಕೊಡುವ ಪಿಇಒ, ಅಂದರೆ ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೋ ಸಂಸ್ಥೆ, 48 ತಿಂಗಳ ಅನುಭವ ಕೇಳುತ್ತದೆ. ಅದರಲ್ಲಿ ಒಂದು ವರ್ಷ ಕೆನಡಾದ್ದೇ ಆಗಿರಬೇಕು ಅನ್ನುವ ನಿಯಮವನ್ನು 2023ರ ಮೇ ತಿಂಗಳಲ್ಲಿ ತೆಗೆದರು. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಆದರೆ ತಿಂಗಳು ಎಣಿಸಿದರೆ ಮುಗಿಯಲಿಲ್ಲ. 7 ವಿಭಾಗ, ಒಟ್ಟು 34 ಕಾಂಪಿಟೆನ್ಸಿ, ಅಂದರೆ ಎಂಜಿನಿಯರ್‌ಗೆ ಇರಬೇಕಾದ ಸಾಮರ್ಥ್ಯಗಳು. ಒಂದೊಂದಕ್ಕೂ ನಿಮ್ಮ ಕೆಲಸದಿಂದ ಒಂದು ಉದಾಹರಣೆ ಕೊಡಬೇಕು: ಪರಿಸ್ಥಿತಿ ಏನಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು. 0ಯಿಂದ 5ರೊಳಗೆ ನೀವೇ ಅಂಕವನ್ನೂ ಹಾಕಿಕೊಳ್ಳಬೇಕು.

ಎಲ್ಲರೂ ಎಡವುವುದು ಇಲ್ಲೇ. ‘ನಾನು’ ಹೋದರೆ ಹೋದೇನು ಅಂದ ಕನಕದಾಸರ ಕಥೆ ಕೇಳಿ ಬೆಳೆದವರು ನಾವು. ‘ನಾನು ಮಾಡಿದೆ’ ಅನ್ನೋಕೆ ನಾಲಿಗೆಯೇ ಏಳಲ್ಲ, ಜಂಬ ಅನ್ನಿಸುತ್ತದೆ. ಅದಕ್ಕೇ ನಾನು ಮೊದಲ ಸಲ ಬರೆದದ್ದು, "ನಮ್ಮ ತಂಡ ಕುಡಿಯುವ ನೀರಿನ ಪಂಪ್ ಹೌಸ್ ವಿನ್ಯಾಸ ಮಾಡಿತು" ಅಂತ. ಅದನ್ನು ಓದಿ ಅಳೆಯುವ ಅಸೆಸರ್‌ಗೆ ಅದರಲ್ಲಿ ನನ್ನ ಪಾಲು ಏನು ಅಂತ ಹೇಗೆ ಗೊತ್ತಾಗಬೇಕು?

ಎರಡನೇ ಸಲ ಅದೇ ಕೆಲಸವನ್ನು ಬೇರೆ ಥರ ಬರೆದೆ. ಕರೆಂಟ್ ಹೋದಾಗಲೆಲ್ಲ ಪಂಪ್ ನಿಂತು, ಏರು ಪೈಪಿನ ನೀರು ಹಿಂದಕ್ಕೆ ನುಗ್ಗಿ, ನಾನ್‌ರಿಟರ್ನ್ ವಾಲ್ವ್ ಢಂ ಅಂತ ಬಡಿಯುತ್ತಿತ್ತು. ಗೋಡೆಯ ಮೇಲಿನ ಗೇಜ್ ಮುಳ್ಳು ಜಿಗಿಯುವುದನ್ನು ನಾನು ನಿಂತು ನೋಡಿದೆ. ಒತ್ತಡದ ಲೆಕ್ಕ ನಾನು ಹಾಕಿದೆ. ಆ ಹೊಡೆತ ತಗ್ಗಿಸೋಕೆ ಏರ್ ವೆಸೆಲ್, ಅಂದರೆ ಗಾಳಿ ತುಂಬಿದ ಟ್ಯಾಂಕ್, ಬೇಕು ಅಂತ ಹೇಳಿದ್ದು ನಾನು. ಎರಡು ಪಂಪ್ ಒಟ್ಟಿಗೆ ನಿಂತರೆ ಏನಾಗುತ್ತದೆ ಅಂತ ಸಾಹೇಬರು ಕೇಳಿದಾಗ ಲೆಕ್ಕ ತಿದ್ದಿದ್ದೂ ನಾನೇ. ಇದರಲ್ಲಿ ಜಂಬ ಎಲ್ಲಿದೆ? ನಡೆದದ್ದು ಅಷ್ಟೇ ಅಲ್ವಾ?

ಹಾಗಂತ ಸುಮ್ನೆ ಉಬ್ಬಿಸಿ ಬರೆಯಬೇಡಿ. ನೀವು ಬರೆದದ್ದನ್ನು ವ್ಯಾಲಿಡೇಟರ್‌ಗಳು ಓದಿ, ತಾವೂ ಅಂಕ ಕೊಡುತ್ತಾರೆ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರೇ ಆಗಿರಬೇಕು. ಎಚ್‌ಆರ್ ಸಹಿ ಇಲ್ಲಿ ನಡೆಯಲ್ಲ. ಅವರಿವರ ಬರಹವನ್ನು ಕಾಪಿ ಹೊಡೆಯುವ ಯೋಚನೆಯಂತೂ ಬೇಡವೇ ಬೇಡ.

ನಮ್ಮಲ್ಲಿ ‘ಇಷ್ಟು ವರ್ಷ ಇದ್ದರು, ನಡತೆ ಒಳ್ಳೆಯದು’ ಅಂತ ಬರೆದುಕೊಟ್ಟರೆ ಆಯಿತು. ಏನು ಮಾಡಿದೆ ಅಂತ ಕೇಳುವ ಇಲ್ಲಿಯ ಪದ್ಧತಿಯೇ ಜಾಸ್ತಿ ಸರಿ ಅಂತ ನನಗೆ ಈಗ ಅನ್ನಿಸುತ್ತದೆ. ಒಂದು ಅನ್ಯಾಯ ಮಾತ್ರ ಇದೆ: ಸಾಹೇಬರು ರಿಟೈರ್ ಆದರೆ, ಕಂಪನಿ ಮುಚ್ಚಿದರೆ, ಸಾಕ್ಷಿ ಹುಡುಕುವ ಪಾಡೆಲ್ಲ ನಮ್ಮದು. ನನ್ನ ಹಳೇ ಸಾಹೇಬರ ಆಫೀಸ್ ಇಮೇಲ್ ಸತ್ತುಹೋಗಿತ್ತು. ಹತ್ತು ತಿಂಗಳಲ್ಲಿ ನಾಲ್ಕು ಹೋದದ್ದು ಅವರನ್ನು ಹುಡುಕುವುದರಲ್ಲೇ. ಕೊನೆಗೆ ಅವರ ಮಗಳ ಫೋನಿನಲ್ಲಿ ಸಿಕ್ಕರು. ಊರು ಬಿಡುವ ಮುಂಚೆಯೇ ಅಂಥವರ ಸ್ವಂತ ಇಮೇಲ್, ಮನೆಯ ನಂಬರ್ ಬರೆದಿಟ್ಟುಕೊಳ್ಳಿ. ಆಗಲೇ ಬಂದಾಗಿದ್ದರೆ, ಇವತ್ತೇ ಫೋನ್ ಮಾಡಿ.