ಓಲೆ ಹುಡುಕಲು ಹೋಗಿ ಡಿಟೆಕ್ಟರ್ ಕಟ್ಟಿದೆ

ಅಮ್ಮನ ಕಿವಿಯ ಒಂದು ಚಿನ್ನದ ಓಲೆ ಅಡಿಕೆ ತೋಟದಲ್ಲಿ ಬಿತ್ತು. ಗೊತ್ತಾಗುವಷ್ಟರಲ್ಲಿ ಬುಡಗಳಿಗೆ ಸೊಪ್ಪು, ಗೊಬ್ಬರ ಹಾಕಿ ಮೇಲೆ ಹೊಸ ಮಣ್ಣು ಎಳೆದಾಗಿತ್ತು. ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಎಲ್ಲಿ ಅಗೆದರೂ ಜಂಬಿಟ್ಟಿಗೆ. ಈ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಾಡಿಗೆಗೆ ತಂದ, ಲೋಹ ಹುಡುಕುವ ಡಿಟೆಕ್ಟರ್ ಇಟ್ಟಲ್ಲೆಲ್ಲ ಕೂಗಿತು.

ಸರಿ, ನಾನೇ ಕಟ್ಟೋಣ ಅಂತ ಪಲ್ಸ್ ಇಂಡಕ್ಷನ್ ಅನ್ನೋ ವಿಧಾನ ಹಿಡಿದೆ. ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ಕರೆಂಟು ಕೊಟ್ಟು ಥಟ್ಟನೆ ಕಡಿಯುವುದು. ಆಗ ಹತ್ತಿರದ ಲೋಹದಲ್ಲಿ ಸಣ್ಣ ಕರೆಂಟು ಹುಟ್ಟಿ ಸುತ್ತಿ ಸಾಯುತ್ತದೆ. ಆ ಸಾಯುವಿಕೆಯನ್ನು ಹಿಡಿಯಬೇಕು, ಅಷ್ಟೇ.

ಮೊದಲು ದೊಡ್ಡ ತಪ್ಪು ಮಾಡಿದೆ. 45 ಸೆಂ.ಮೀ. ಕಾಯಿಲ್, ಎರಡು ಬ್ಯಾಟರಿ. ಮೊಣಕಾಲುದ್ದ ಕೆಳಗಿದ್ದ ಪಂಪಿನ ಕಬ್ಬಿಣದ ಪೈಪು ಸಿಕ್ಕಿತು, ಅಮ್ಮನ ಇನ್ನೊಂದು ಓಲೆಯನ್ನು ಕಾಯಿಲ್ ಮೇಲೇ ಇಟ್ಟರೂ ಸದ್ದಿಲ್ಲ! ಸಣ್ಣ ವಸ್ತು ಆಳಕ್ಕೆ ಹೋದಂತೆ ಸಿಗ್ನಲ್ ಹೆಚ್ಚುಕಡಿಮೆ ದೂರದ ಆರನೇ ಘಾತದಲ್ಲಿ ಬೀಳುತ್ತದೆ. ದೂರ ಎರಡು ಪಟ್ಟಾದರೆ 64ರಲ್ಲಿ ಒಂದು ಪಾಲು ಉಳಿಯುತ್ತದೆ. ಹಾಗಾಗಿ ಕಾಯಿಲ್‌ನ ಕರೆಂಟು ಎರಡು ಪಟ್ಟು ಮಾಡಿದರೂ ಆಳ ಹೆಚ್ಚುವುದು ಸುಮಾರು ಶೇ. 12 ಮಾತ್ರ. ಬ್ಯಾಟರಿ ಸುಮ್ನೆ ಖರ್ಚು.

ನಿಜವಾದ ತೊಂದರೆ ಸಮಯದ್ದು. ಕರೆಂಟು ಕಡಿದ 25 ಮೈಕ್ರೋಸೆಕೆಂಡ್ ಆದ ಮೇಲೆ ನಾನು ಅಳೆಯುತ್ತಿದ್ದೆ. ತೆಳ್ಳನೆ ಚಿನ್ನದ ಕಥೆ ಅಷ್ಟರಲ್ಲಿ ಮುಗಿದಿರುತ್ತದೆ. 12ಕ್ಕೆ ಇಳಿಸೋಣ ಅಂದರೆ ಕಾಯಿಲ್‌ನದೇ ಸಿಗ್ನಲ್ ಇನ್ನೂ ಅಡಗಿರುವುದಿಲ್ಲ. ಇನಾಮಲ್ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರಿಂದ ಕೆಪಾಸಿಟೆನ್ಸ್ (ಸುತ್ತುಗಳ ನಡುವೆ ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ. ಅದನ್ನು ಬಿಚ್ಚಿ, ದಪ್ಪ ಹೊದಿಕೆಯ ಟೆಫ್ಲಾನ್ ತಂತಿಯಲ್ಲಿ 20 ಸೆಂ.ಮೀ. ಅಗಲಕ್ಕೆ 25 ಸುತ್ತು ಹಾಕಿದೆ. ಕಾಯಿಲ್‌ನ ಇಂಡಕ್ಟೆನ್ಸ್ ಹತ್ತಿರ ಹತ್ತಿರ 300 ಮೈಕ್ರೋಹೆನ್ರಿ. ಕಾಯಿಲ್‌ನ ಕುಣಿತ ಅಡಗಿಸುವ ಡ್ಯಾಂಪಿಂಗ್ ರೆಸಿಸ್ಟರ್ ಜಾಗದಲ್ಲಿ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇಟ್ಟು, ಗೆಳೆಯನ ಆಸಿಲೋಸ್ಕೋಪ್‌ನಲ್ಲಿ ನೋಡುತ್ತಾ ತಿರುಗಿಸಿದೆ. ರೆಸಿಸ್ಟೆನ್ಸ್ ಹೆಚ್ಚಾದರೆ ಪರದೆಯ ಗೆರೆ ಕುಣಿಯುತ್ತದೆ, ಕಡಿಮೆಯಾದರೆ ಎಳೆಯುತ್ತದೆ. ಈ ಒಂದು ಕೆಲಸಕ್ಕೆ ಮೂರು ಸಂಜೆ ಹೋಯಿತು.

ಕಾಯಿಲ್‌ಗೆ ಗೂಡು ಎರಡು ಹಾಳೆ ತಟ್ಟೆ. ಹಗುರ, ಲೋಹವಿಲ್ಲ, ಮನೆಯಲ್ಲೇ ಇತ್ತು. ಇಬ್ಬನಿಗೆ ನೆನೆದು ರೀಡಿಂಗ್ ಜಾರತೊಡಗಿದಾಗ ಅರಾಲ್ಡೈಟ್ ಅಂಟು ಬಳಿದೆ.

ಮಣ್ಣಿನ ಕಬ್ಬಿಣಕ್ಕೆ ಕೂಗುವುದನ್ನು ನಿಲ್ಲಿಸಲು ಬೇರೆ ಉಪಾಯ. ಸ್ವಲ್ಪ ತಡವಾಗಿ ಎರಡನೇ ಸಲ ಅಳೆದು, ಅದನ್ನು ತಕ್ಕ ಪ್ರಮಾಣದಲ್ಲಿ ಮೊದಲನೆಯದರಿಂದ ಕಳೆಯುವುದು. ಜಂಬಿಟ್ಟಿಗೆ ಕಲ್ಲಿನ ಮೇಲೆ ಕಾಯಿಲ್ ಎತ್ತಿ ಇಳಿಸುತ್ತಾ, ಸದ್ದು ನಿಲ್ಲುವ ತನಕ ಪ್ರಮಾಣ ಹೊಂದಿಸಿದೆ. ಇದರಿಂದ ಆಳ ಸ್ವಲ್ಪ ಕೈಬಿಡುತ್ತದೆ. ಓಲೆಯನ್ನು ಹೂತು ನೋಡುವ ಧೈರ್ಯವಾಗದೆ ಬದಲಿಗೆ ಮಾತ್ರೆ ಸ್ಟ್ರಿಪ್ಪಿನ ಫಾಯಿಲ್ ತುಂಡು ಹೂತೆ. ಗಾಳಿಯಲ್ಲಿ 14 ಸೆಂ.ಮೀ.ಗೆ ಸಿಗುತ್ತಿದ್ದದ್ದು ಮಣ್ಣಿನಲ್ಲಿ 11ಕ್ಕೆ ಸಿಕ್ಕಿತು. ಸಾಕಲ್ವಾ?

ತೋಟದಲ್ಲಿ ತಿರುಗುವುದನ್ನು ನೋಡಿ ಪಕ್ಕದ ಮನೆಯವರು ಕೇಳಿದರು: “ಏನ್ ಮಾರಾಯ, ನಿಧಿ ತೆಗೀತೀಯಾ?” ನಿಧಿಯಾದರೆ ಅದಕ್ಕೂ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದೆ. ನಕ್ಕು ಹೋದರು.

ಬ್ಲೇಡು, ಮೊಳೆ, ಕತ್ತಿಯ ಮುರುಕು ಎಲ್ಲ ಆದ ಮೇಲೆ ಎರಡನೇ ದಿನ ಒಂಬತ್ತು ಸೆಂ.ಮೀ. ಕೆಳಗೆ ಓಲೆಯ ತಿರುಪು ಸಿಕ್ಕಿತು. ತಿರುಪು ಮಾತ್ರ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ನೋಡಿ, “ಓಲೆ ಇದಕ್ಕಿಂತ ದೊಡ್ಡದು ಕಣೋ, ಬೇಗ ಸಿಗುತ್ತೆ” ಎಂದರು. ಇನ್ನೂ ಎಂಟು ಸಾಲು ಬಾಕಿ ಇದೆ.